ಬಿಎಲ್‌ಎಸ್ ಕಲಿಸೋಕೆ ವಿಡಿಯೋ ಒಳ್ಳೆಯದಾ, ಆಟ ಒಳ್ಳೆಯದಾ? ನನ್ನ ಅನುಭವ

ಜಿಲ್ಲಾ ಕೇಂದ್ರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಬೇಸಿಕ್ ಲೈಫ್ ಸಪೋರ್ಟ್, ಅಂದರೆ ನಾವೆಲ್ಲ ಬಿಎಲ್‌ಎಸ್ ಅನ್ನುವ ತರಬೇತಿ ನನ್ನ ಜವಾಬ್ದಾರಿ. ಹೃದಯ ನಿಂತಿದೆ ಅಂತ ಗುರುತಿಸಬೇಕು, ಸಹಾಯ ಕರೆಯಬೇಕು, ಎದೆ ಒತ್ತಬೇಕು, ಉಸಿರು ಕೊಡಬೇಕು, ಎಇಡಿ (ಎದೆಗೆ ಪ್ಯಾಡ್ ಹಚ್ಚಿ ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಹಚ್ಚಬೇಕು. ಪರೀಕ್ಷೆಯಲ್ಲಿ ಇದನ್ನೆಲ್ಲ ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ವಾರ್ಡಿನಲ್ಲಿ ನಿಜವಾಗಿ ಒಬ್ಬರು ಕುಸಿದಾಗ ಮೊದಲ ಹತ್ತು ಸೆಕೆಂಡಿನಲ್ಲಿ ಏನು ಮಾಡುತ್ತಾರೆ ಅನ್ನೋದೇ ಬೇರೆ ಪ್ರಶ್ನೆ.

ನಮ್ಮಲ್ಲಿ ಮಕ್ಕಳು ಜಾಸ್ತಿ, ಒತ್ತಿ ಕಲಿಯುವ ಪ್ಲಾಸ್ಟಿಕ್ ಡಮ್ಮಿ ಕಡಿಮೆ. ನಾನು ಮುಂದೆ ನಿಂತು ಒತ್ತಿ ತೋರಿಸಿದರೆ ಮೊದಲ ಎರಡು ಸಾಲಿಗೆ ಕಾಣುತ್ತದೆ. ಹಿಂದಿನವರಿಗೆ ನನ್ನ ಬೆನ್ನು ಮಾತ್ರ. ಹಾಗಾಗಿ ಬ್ಯಾಚನ್ನು ಎರಡು ಭಾಗ ಮಾಡಿ ಅರ್ಧಕ್ಕೆ ವಿಡಿಯೋದಿಂದ, ಇನ್ನರ್ಧಕ್ಕೆ ಆಟದಿಂದ ಶುರು ಮಾಡಿದೆ. ಕಲಿಸುವ ವಿಷಯ ಎರಡು ಕಡೆಗೂ ಒಂದೇ. ಕೊನೆಗೆ ಅಳೆಯುವ ಚೆಕ್‌ಲಿಸ್ಟೂ ಒಂದೇ. ಇದು ಸಂಶೋಧನೆ ಅಲ್ಲ, ಒಬ್ಬ ಟೀಚರ್ ಲ್ಯಾಬಿನಲ್ಲಿ ನಿಂತು ಕಂಡದ್ದು. ಬೇರೆ ಕಡೆ ಕಲಿಸುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ವಿಡಿಯೋ ಅಂದರೆ ಪರದೆ ಇಳಿಸಿ ಸುಮ್ನೆ ಕೂತು ನೋಡೋದಲ್ಲ. ಪರದೆಯ ಮೇಲೆ ಒಬ್ಬರು ಒತ್ತುತ್ತಿರುವಾಗ ಮಕ್ಕಳೂ ಅದೇ ಹೊತ್ತಿಗೆ ಡಮ್ಮಿಯ ಮೇಲೆ ಒತ್ತಬೇಕು. ಅವರು ನಿಲ್ಲಿಸಿದಾಗ ಇವರೂ ನಿಲ್ಲಿಸಬೇಕು. ಇಂಗ್ಲಿಷ್ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಆದರೆ ನಮ್ಮ ಮಕ್ಕಳಲ್ಲಿ ಹಲವರು ಕನ್ನಡ ಮಾಧ್ಯಮದಿಂದ ಬಂದವರು. ಮಾತು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಕೈ ನಿಂತುಬಿಡುತ್ತದೆ. ಅದಕ್ಕೇ ನಮ್ಮ ಲ್ಯಾಬಿನಲ್ಲೇ ಫೋನಿನಲ್ಲಿ ಸಣ್ಣ ಸಣ್ಣ ತುಣುಕು ಶೂಟ್ ಮಾಡಿ ಕನ್ನಡದಲ್ಲಿ ಮಾತು ಸೇರಿಸಿದೆವು. ಹಿಂದೆ ತಾಳ ಹಿಡಿಯುವ ಮೆಟ್ರೊನೋಮ್ ಸದ್ದು ಹಾಕಿದೆವು, ನಿಮಿಷಕ್ಕೆ 110. ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು, ದೊಡ್ಡವರಿಗೆ 5 ಸೆಂಟಿಮೀಟರ್ ಆದರೂ ಎದೆ ಇಳಿಯಬೇಕು, 6 ದಾಟಬಾರದು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಬೇಕು.

ಈ ಕೊನೆಯದನ್ನು ಬಾಯಲ್ಲಿ ಹೇಳಿ ಕಲಿಸೋದು ತುಂಬಾ ಕಷ್ಟ. ಸುಸ್ತಾಗುತ್ತಿದ್ದ ಹಾಗೆ ಎಲ್ಲರೂ ಎದೆಯ ಮೇಲೆ ಭಾರ ಬಿಟ್ಟು ಒರಗುತ್ತಾರೆ. ಎದೆ ಪೂರ್ತಿ ಮೇಲೆ ಬರದಿದ್ದರೆ ಹೃದಯಕ್ಕೆ ರಕ್ತ ವಾಪಸ್ ತುಂಬಿಕೊಳ್ಳೋದಿಲ್ಲ, ಆಮೇಲೆ ಎಷ್ಟು ಒತ್ತಿದರೂ ಮಿದುಳಿಗೆ ಹೋಗೋದು ಕಡಿಮೆಯೇ. ಫೋನನ್ನು ನೆಲದ ಮಟ್ಟಕ್ಕೆ ಇಟ್ಟು ಪಕ್ಕದಿಂದ ಶೂಟ್ ಮಾಡಿದ ಒಂದು ತುಣುಕು ನಮ್ಮಲ್ಲಿದೆ. ಅಂಗೈಯ ಬುಡಕ್ಕೂ ಎದೆಗೂ ನಡುವೆ ಏನಾಗುತ್ತಿದೆ ಅನ್ನೋದು ಅದರಲ್ಲಿ ಸ್ಪಷ್ಟ. ಮೊದಲು ಸರಿಯಾಗಿ ಒತ್ತಿದ್ದು, ಆಮೇಲೆ ಒರಗಿಕೊಂಡು ಒತ್ತಿದ್ದು. ಅದನ್ನು ನಿಧಾನ ಮಾಡಿ ತೋರಿಸಿದರೆ ಮಕ್ಕಳು ತಾವಾಗಿಯೇ ಪಕ್ಕದವರ ಕೈ ನೋಡಿ 'ನೀನು ಒರಗ್ತಾ ಇದೀಯಾ ಕಣೇ' ಅಂತ ತಿದ್ದುತ್ತಾರೆ.

ನಮ್ಮದೇ ವಿಡಿಯೋ ಮಾಡಿದ್ದರಿಂದ ಇನ್ನೊಂದು ಲಾಭ ಆಯಿತು. ಹೊರಗಿನ ವಿಡಿಯೋಗಳಲ್ಲಿ ರೋಗಿ ಸಾಮಾನ್ಯವಾಗಿ ನೆಲದ ಮೇಲಿರುತ್ತಾನೆ. ನಮ್ಮ ಮಕ್ಕಳು ಕೆಲಸ ಮಾಡೋದು ಮಂಚದ ಪಕ್ಕ. ಹಾಸಿಗೆ ಮೆತ್ತಗಿದ್ದರೆ ಒತ್ತಿದ ಬಲ ಅರ್ಧ ಹಾಸಿಗೆಗೇ ಹೋಗುತ್ತದೆ, ಬೆನ್ನಡಿಗೆ ಗಟ್ಟಿ ಹಲಗೆ ಬೇಕು. ಕುಳ್ಳಗಿರುವ ಹುಡುಗಿಯರಿಗೆ ಮಂಚ ಎತ್ತರವಾಗಿ ಮೊಣಕೈ ಮಡಚಿ ಒತ್ತುತ್ತಾರೆ, ಅವರಿಗೆ ಕಾಲಡಿಗೆ ಸ್ಟೂಲ್ ಬೇಕು. ಹಲಗೆ ತುರುಕೋದು, ಸ್ಟೂಲ್ ಎಳೆಯೋದು ಎರಡೂ ನಮ್ಮ ವಿಡಿಯೋದಲ್ಲಿವೆ.

ಇನ್ನು ಆಟ. ಮೊದಲನೆಯದು ನಾವೇ ಮಾಡಿಕೊಂಡ ಕಾರ್ಡಿನ ಆಟ. ಒಂದೊಂದು ಕಾರ್ಡಿನಲ್ಲಿ ಒಂದೊಂದು ಕೆಲಸ: ಜಾಗ ಸುರಕ್ಷಿತವಾ ನೋಡು, ಭುಜ ತಟ್ಟಿ ಕರೆ, 108ಕ್ಕೆ ಫೋನ್ ಮಾಡಿಸು, ಎಇಡಿ ತರಿಸು, 10 ಸೆಕೆಂಡಿನೊಳಗೆ ಉಸಿರು ಮತ್ತು ಕತ್ತಿನ ನಾಡಿ ನೋಡು, 30 ಸಲ ಒತ್ತು, 2 ಉಸಿರು ಕೊಡು. ಇವುಗಳ ಜೊತೆ ಕಲಬೆರಕೆ ಕಾರ್ಡುಗಳೂ ಇವೆ: ಮುಖಕ್ಕೆ ನೀರು ಚಿಮುಕಿಸು, ಈರುಳ್ಳಿ ಮೂಸಿಸು, ಕೈಗೆ ಬೀಗದ ಕೈ ಕೊಡು, ಅಂಗಾಲು ಉಜ್ಜು, ನೀರು ಕುಡಿಸು. ಪ್ರತಿ ಗುಂಪಿನ ಮುಂದೆ ಒಂದು ಬಟ್ಟಲಲ್ಲಿ 10 ಹುಣಸೆ ಬೀಜ. ಯಾರೂ ಸಿಪಿಆರ್ (ಎದೆ ಒತ್ತಿ ಉಸಿರು ಕೊಡೋದು) ಕೊಡದಿದ್ದರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ ಅಂತ ಪಾಠದಲ್ಲೇ ಇದೆಯಲ್ಲ, ಬೀಜದ ಲೆಕ್ಕ ಅಲ್ಲಿಂದ ಬಂದದ್ದು. ಆಟದ 10 ಸೆಕೆಂಡು ಒಂದು ನಿಮಿಷಕ್ಕೆ ಸಮ. ಎದೆ ಒತ್ತುವ ಕಾರ್ಡ್ ಕೆಳಗೆ ಬೀಳುವ ತನಕ ಹತ್ತು ಹತ್ತು ಸೆಕೆಂಡಿಗೆ ಒಂದು ಬೀಜ ಎತ್ತುತ್ತೇನೆ. ತಪ್ಪು ಕಾರ್ಡ್ ಹಾಕಿದರೆ ಇನ್ನೊಂದು.

ಆ ಬೀಜ ಎತ್ತುವಾಗ ಮಕ್ಕಳ ಮುಖ ನೋಡಬೇಕು. ಸ್ಲೈಡಿನಲ್ಲಿ ಅದೇ ಶೇಕಡಾ ಲೆಕ್ಕ ತೋರಿಸಿದರೆ ಬರೆದುಕೊಂಡು ಮರೆಯುತ್ತಾರೆ. ಇಲ್ಲಿ 'ಮೇಡಂ, ಒಂದು ಬೀಜ ಬಿಡಿ ಮೇಡಂ' ಅಂತ ಕೈ ಹಿಡಿಯುತ್ತಾರೆ. ಎರಡನೇ ಸುತ್ತಿಗೆ ಗುಂಪಿನಲ್ಲಿ ಒಬ್ಬಳು ತಾನಾಗಿಯೇ ಮುಂದೆ ಬಂದು ಕೆಲಸ ಹಂಚಲು ಶುರು ಮಾಡುತ್ತಾಳೆ. 'ಯಾರಾದ್ರೂ ಫೋನ್ ಮಾಡಿ' ಅನ್ನೋದು ನಿಂತು 'ಕಾವ್ಯಾ, ನೀನು 108ಕ್ಕೆ ಮಾಡು, ಸ್ಪೀಕರಿನಲ್ಲಿಡು' ಅನ್ನೋದು ಬರುತ್ತದೆ. ವಿಡಿಯೋ ಗುಂಪಿನಲ್ಲಿ ಈ ಬದಲಾವಣೆ ನನಗೆ ಅಷ್ಟಾಗಿ ಕಾಣಲಿಲ್ಲ. ಅವರಿಗೆ ಕ್ರಮ ಗೊತ್ತಿತ್ತು, ಹೆಸರು ಹಿಡಿದು ಒಬ್ಬರಿಗೆ ಹೇಳುವ ಧೈರ್ಯ ಬಂದಿರಲಿಲ್ಲ.

ಎರಡನೆಯ ಆಟ ಒತ್ತುವ ಸ್ಪರ್ಧೆ. ಫೋನಿಗೆ ಬ್ಲೂಟೂತಿನಲ್ಲಿ ಸೇರುವ ಡಮ್ಮಿಗಳನ್ನು ದೊಡ್ಡ ಆಸ್ಪತ್ರೆಯೊಂದರ ಸ್ಕಿಲ್ ಲ್ಯಾಬಿನಿಂದ ಕೇಳಿ ತರುತ್ತೇವೆ. ಆಳ, ವೇಗ, ಎದೆ ಮೇಲೆ ಬರುವುದು, ಮೂರೂ ಸರಿಯಿದ್ದರೆ ಮಾತ್ರ ಪರದೆಯ ಮೇಲಿನ ಗಾಡಿ ಜೋರಾಗಿ ಓಡುತ್ತದೆ. ಇದು ಬಹಳ ಒಳ್ಳೆಯ ಸಾಧನ. ಇಂಥದ್ದು ಇಲ್ಲದೆ ಬರೀ 'ಯಾರು ಜಾಸ್ತಿ ಒತ್ತುತ್ತಾರೆ' ಅಂತ ಸ್ಪರ್ಧೆ ಇಟ್ಟರೆ ಮಕ್ಕಳು ವೇಗ ಹೆಚ್ಚಿಸುತ್ತಾರೆ, ಆಳ ಬಿಡುತ್ತಾರೆ. ಆಟ ಏನನ್ನು ಎಣಿಸುತ್ತದೋ ಮಕ್ಕಳು ಅದನ್ನೇ ಕಲಿಯುತ್ತಾರೆ. ಅಂಕ ಕೊಡುವ ಮೊದಲು ಯಾವುದಕ್ಕೆ ಕೊಡಬೇಕು ಅಂತ ಟೀಚರ್ ಚೆನ್ನಾಗಿ ಯೋಚಿಸಬೇಕು.

ಮೊಬೈಲಿನಲ್ಲೇ ಆಡುವ ಆಟಗಳೂ ಇವೆ. ಬ್ರಿಟನ್ನಿನ ರಿಸಸಿಟೇಷನ್ ಕೌನ್ಸಿಲ್ 2013ರಲ್ಲಿ ತಂದ ಲೈಫ್‌ಸೇವರ್ ನಾನು ತೋರಿಸಿದ್ದೇನೆ. ಅದು ಅರ್ಧ ಸಿನಿಮಾ, ಅರ್ಧ ಆಟ. ಕಥೆ ನಡೆಯುತ್ತಾ ಇರುವಾಗಲೇ ನಿಲ್ಲುತ್ತದೆ, ಮುಂದೇನು ಅಂತ ನೀವೇ ಆರಿಸಬೇಕು. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಆದರೆ ಫೋನ್ ಹಿಡಿದು ಎಷ್ಟೇ ಆಡಿದರೂ 5 ಸೆಂಟಿಮೀಟರ್ ಅಂದರೆ ಎಷ್ಟು ಬಲ ಅಂತ ಕೈಗೆ ಗೊತ್ತಾಗೋದಿಲ್ಲ. ಡಮ್ಮಿ ಮುಟ್ಟದೆ ಯಾವ ವಿಡಿಯೋದಿಂದಲೂ, ಯಾವ ಆಟದಿಂದಲೂ ಆಳ ಬರೋದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆಟ ಪೂರ್ತಿ ಸೋಲುವ ಒಂದು ಜಾಗ ಇದೆ. ಗ್ಯಾಸ್ಪಿಂಗ್.

ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ಬಾಯಿ ತೆರೆದು, ಗೊರಕೆಯಂಥ ಸದ್ದಿನೊಡನೆ, ಬಿಟ್ಟು ಬಿಟ್ಟು ಮೇಲುಸಿರು ಎಳೆಯುತ್ತಾರೆ. ಅದು ಉಸಿರಾಟ ಅಲ್ಲ, ಆಗಲೇ ಒತ್ತಲು ಶುರು ಮಾಡಬೇಕು. ಕಾರ್ಡಿನಲ್ಲಿ 'ಸರಿಯಾಗಿ ಉಸಿರಾಡುತ್ತಿಲ್ಲ' ಅಂತ ಬರೆದರೆ ಎಲ್ಲರಿಗೂ ಉತ್ತರ ಗೊತ್ತು. ಪ್ಲಾಸ್ಟಿಕ್ ಡಮ್ಮಿಯೂ ಸುಮ್ಮನೆ ಮಲಗಿರುತ್ತದೆ, ಅದು ಯಾವತ್ತೂ ಮೇಲುಸಿರು ಎಳೆಯೋದಿಲ್ಲ. ನಮ್ಮ ಸಹೋದ್ಯೋಗಿಯೊಬ್ಬರು ನಟಿಸಿದ ಒಂದು ತುಣುಕಿದೆ. ಅದನ್ನು ಮಾತಿಲ್ಲದೆ ತೋರಿಸಿ, ಒತ್ತಬೇಕು ಅನ್ನುವವರು ಕೈ ಎತ್ತಿ ಅಂದೆ. ಆಟದಲ್ಲಿ ಗೆದ್ದ ಗುಂಪಿನವರೇ ಒಬ್ಬರ ಮುಖ ಒಬ್ಬರು ನೋಡಿದರು. 'ಮೇಡಂ, ಉಸಿರಾಡ್ತಾ ಇದಾರಲ್ಲ, ಒತ್ತಬಹುದಾ?' ಅಂತ ಒಬ್ಬಳು ಕೇಳಿದಳು. ಆ ಪ್ರಶ್ನೆಗೆ ಉತ್ತರ ಕಣ್ಣಿಗೆ, ಕಿವಿಗೆ ಬೀಳಬೇಕು. ಮಾಮೂಲಿ ಉಸಿರಾಟದ ತುಣುಕು ಒಂದು ಕಡೆ, ಗ್ಯಾಸ್ಪಿಂಗ್ ಇನ್ನೊಂದು ಕಡೆ ಹಾಕಿ ಹಲವು ಸಲ ತೋರಿಸಿದ ಮೇಲೆ ಕೈಗಳು ಬೇಗ ಮೇಲೆ ಬಂದವು. ನನ್ನನ್ನು ಕೇಳಿದರೆ ಬಿಎಲ್‌ಎಸ್ ಕ್ಲಾಸಿನಲ್ಲಿ ಒಂದೇ ಒಂದು ವಿಡಿಯೋ ತೋರಿಸಲು ಸಮಯ ಇದ್ದರೆ ಅದು ಇದೇ ಆಗಬೇಕು.

ಕೋರ್ಸ್ ಮುಗಿದ ಮೇಲೆ ಚೆಕ್‌ಲಿಸ್ಟ್ ಹಿಡಿದು ಒಬ್ಬೊಬ್ಬರನ್ನೇ ನೋಡಿದೆ. ಕೈ ಇಡುವ ಜಾಗ, ನೇರ ಮೊಣಕೈ, ಎದೆ ಮೇಲೆ ಬರುವುದು ಇವುಗಳಲ್ಲಿ ವಿಡಿಯೋ ಗುಂಪು ಮುಂದೆ. ಕೆಲಸದ ಕ್ರಮ, ಬೇಗ ಶುರು ಮಾಡೋದು, ಸಹಾಯ ಕರೆಯೋದು, ಎಇಡಿ ಬಂದಾಗ ಒತ್ತೋದನ್ನು ನಿಲ್ಲಿಸದೆ ಪ್ಯಾಡ್ ಹಚ್ಚಿಸೋದು ಇವುಗಳಲ್ಲಿ ಆಟದ ಗುಂಪು ಮುಂದೆ. ಕೆಲವು ತಿಂಗಳು ಬಿಟ್ಟು ಮುನ್ಸೂಚನೆ ಇಲ್ಲದೆ ಕಾರಿಡಾರಿನಲ್ಲಿ ಡಮ್ಮಿ ಮಲಗಿಸಿ ನೋಡಿದಾಗ ಎರಡು ಗುಂಪಿನಲ್ಲೂ ಆಳ ಕಡಿಮೆಯಾಗಿತ್ತು. ಇದು ನಮ್ಮಲ್ಲಿ ಮಾತ್ರ ಅಲ್ಲ. ಸಿಪಿಆರ್ ಕೌಶಲ ಮೂರರಿಂದ ಆರು ತಿಂಗಳೊಳಗೆ ಇಳಿಯುತ್ತದೆ ಅನ್ನೋದು ಎಲ್ಲ ಕಡೆ ಕಂಡ ವಿಷಯ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ 2020ರ ಮಾರ್ಗಸೂಚಿಯೂ ನಡುನಡುವೆ ಮರುತರಬೇತಿ ಬೇಕು ಅನ್ನುತ್ತದೆ, ಆಟದ ಮೂಲಕ ಕಲಿಸೋದನ್ನೂ ಪರಿಗಣಿಸಬಹುದು ಅನ್ನುತ್ತದೆ. ಆಟದ ದೊಡ್ಡ ಉಪಯೋಗ ನನಗೆ ಕಂಡದ್ದು ಇಲ್ಲೇ. ಮತ್ತೆ ವಿಡಿಯೋ ನೋಡೋಣ ಬನ್ನಿ ಅಂದರೆ ಮಕ್ಕಳು 'ನೋಡಿದೀವಿ ಮೇಡಂ' ಅನ್ನುತ್ತಾರೆ. ಬೀಜದ ಬಟ್ಟಲು ಹೊರಗೆ ತೆಗೆದರೆ ಪೋಸ್ಟಿಂಗ್ ಮುಗಿಸಿ ಸುಸ್ತಾಗಿ ಬಂದವರೂ ಕೂರುತ್ತಾರೆ.

ಕಾಲೇಜಿನ ಹೊರಗೆ ಕಥೆ ಬೇರೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರಿನಲ್ಲಿ ಹಠಾತ್ತಾಗಿ ತೀರಿಕೊಂಡ ಮೇಲೆ ಜಿಮ್, ಪಿಯು ಕಾಲೇಜು, ಬಸ್ ಡಿಪೋ ಅಂತ ನಮ್ಮನ್ನು ಕರೆಯುವವರು ಜಾಸ್ತಿ ಆದರು. ಅಲ್ಲಿ ನಾವು ಕಲಿಸೋದು ಬರೀ ಒತ್ತುವ ಸಿಪಿಆರ್. ಇಂಡಿಯನ್ ಸೊಸೈಟಿ ಆಫ್ ಅನೆಸ್ತೀಸಿಯಾಲಜಿಸ್ಟ್ಸ್ 2017ರಲ್ಲಿ ಜನಸಾಮಾನ್ಯರಿಗಾಗಿ ಕೊಟ್ಟ ಕೋಲ್ಸ್ (ಕಂಪ್ರೆಷನ್ ಓನ್ಲಿ ಲೈಫ್ ಸಪೋರ್ಟ್) ಕ್ರಮ ಇದೇ: ಬೇಗ ಗುರುತಿಸಿ ಸಹಾಯ ಕರೆಯಿರಿ, ಎದೆ ಒತ್ತಿ, ಬೇಗ ಆಸ್ಪತ್ರೆಗೆ ಸಾಗಿಸಿ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವ ಮಾತಿಲ್ಲ, ಹಾಗಾಗಿ ಹಿಂಜರಿಕೆಯೂ ಕಡಿಮೆ.

ಇಂಥ ಕಡೆ ನಾನು ಮೊದಲು ಆಟವನ್ನೇ ಇಡುತ್ತೇನೆ. ಕಾರಣ ಆ ಕಲಬೆರಕೆ ಕಾರ್ಡುಗಳು. ಡಿಪೋದಲ್ಲಿ ಬೀಗದ ಕೈ ಕಾರ್ಡ್ ಬಂದಾಗ ಹಿರಿಯ ಚಾಲಕರೊಬ್ಬರು, 'ಕಬ್ಬಿಣ ಕೊಟ್ರೆ ನಿಲ್ಲುತ್ತೆ ಮೇಡಂ, ನಾನೇ ಕಂಡಿದೀನಿ' ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಹೆಚ್ಚಿನ ಫಿಟ್ಸ್ ಕೆಲವು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ, ಕೈಯಲ್ಲಿ ಬೀಗದ ಕೈ ಇದ್ದರೂ ನಿಲ್ಲುತ್ತದೆ, ಇಲ್ಲದಿದ್ದರೂ ನಿಲ್ಲುತ್ತದೆ. ಆದರೆ ಹೃದಯ ನಿಂತಾಗಲೂ ಕೆಲವರ ಮೈ ಸ್ವಲ್ಪ ಹೊತ್ತು ಅದುರುತ್ತದೆ. ನೋಡುವವರಿಗೆ ಅದೂ ಫಿಟ್ಸ್ ಥರವೇ ಕಾಣುತ್ತದೆ. ಎಲ್ಲರೂ ಬೀಗದ ಕೈ ಹುಡುಕುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. 'ಅದುರೋದು ನಿಂತ ತಕ್ಷಣ ಉಸಿರು ನೋಡಿ ಅಣ್ಣಾ, ಸರಿಯಾಗಿ ಇಲ್ಲ ಅಂದ್ರೆ ಒತ್ತಿ' ಅಂದೆ. ಅವರು ಒಪ್ಪಿದರು, ಪಕ್ಕದವರಿಗೂ ತಾವೇ ವಿವರಿಸಿದರು. ವಿಡಿಯೋ ಹೇಳಿದ್ದನ್ನು ಜನ ಕೇಳಿಸಿಕೊಳ್ಳುತ್ತಾರೆ ಅಷ್ಟೇ, ಅದರ ಜೊತೆ ವಾದ ಮಾಡೋಕಾಗಲ್ಲ. ವಾದ ಮಾಡದೆ ಹಳೆಯ ನಂಬಿಕೆ ಹೋಗೋದಿಲ್ಲ.

ಇನ್ನೊಂದು ಕಾರ್ಡ್ ಇದೆ: 'ಬಿದ್ದಿರುವವರು ಹೆಂಗಸು, ಸುತ್ತ ಇರುವವರು ಗಂಡಸರೇ.' ಈ ಕಾರ್ಡ್ ಬಂದರೆ ಒಂದು ಕ್ಷಣ ಮಾತು ನಿಲ್ಲುತ್ತದೆ. ನಮ್ಮ ಡಮ್ಮಿಗಳೆಲ್ಲ ಗಂಡಸಿನ ಎದೆಯವು, ವಿಡಿಯೋದಲ್ಲಿ ಮಲಗಿದವರೂ ಗಂಡಸು. ಹಾಗಾಗಿ ಆಟ ಇಲ್ಲದಿದ್ದರೆ ಈ ವಿಷಯ ಕ್ಲಾಸಿನಲ್ಲಿ ಏಳೋದೇ ಇಲ್ಲ. ಕೈ ಇಡೋದು ಎದೆಯ ನಡುವಿನ ಮೂಳೆಯ ಮೇಲೆ, ಅದು ಎಲ್ಲರಿಗೂ ಒಂದೇ, ಬಟ್ಟೆಯ ಮೇಲಿಂದಲೇ ಒತ್ತಲು ಶುರು ಮಾಡಬಹುದು ಅಂತ ಸ್ಪಷ್ಟವಾಗಿ ಹೇಳುತ್ತೇನೆ.

ಈಗ ನಾನು ಬ್ಯಾಚನ್ನು ಎರಡು ಮಾಡೋದಿಲ್ಲ. ಗ್ಯಾಸ್ಪಿಂಗ್ ತುಣುಕು ಮೊದಲು. ಆಮೇಲೆ ವಿಡಿಯೋ ಜೊತೆ ಜೊತೆಗೇ ಡಮ್ಮಿಯ ಮೇಲೆ ಕೈ, ಎರಡು ನಿಮಿಷಕ್ಕೊಮ್ಮೆ ಒತ್ತುವವರ ಬದಲಾವಣೆ. ಕೈ ಸರಿಹೋದ ಮೇಲೆ ಕಾರ್ಡು, ಬೀಜ. ಸ್ಪರ್ಧೆ ಕೊನೆಗೆ, ಅದೂ ಆಳ ಅಳೆಯುವ ಡಮ್ಮಿ ಸಿಕ್ಕ ದಿನ ಮಾತ್ರ. ಮೂರು ತಿಂಗಳಿಗೊಮ್ಮೆ ವಾರ್ಡಿನ ಊಟದ ಬಿಡುವಿನಲ್ಲಿ ಒಂದು ಸುತ್ತು ಆಟ, ಒಬ್ಬೊಬ್ಬರಿಗೂ ಎರಡು ನಿಮಿಷ ಒತ್ತುವ ಸರದಿ. ಮಗುವಿನ ಸಿಪಿಆರ್‌ಗೆ ಇಂಥದೇ ಕನ್ನಡ ತುಣುಕುಗಳು ಇನ್ನೂ ಆಗಬೇಕಿದೆ. ಎದೆಯ ಮೂರನೇ ಒಂದು ಭಾಗದಷ್ಟು ಆಳ, ಹಸುಗೂಸಿಗೆ ಸುಮಾರು 4 ಸೆಂಟಿಮೀಟರ್ ಅನ್ನೋದು ಪಕ್ಕದಿಂದ ಕಾಣುವ ಹಾಗೆ ಶೂಟ್ ಮಾಡಬೇಕು. ಬರುವ ಬ್ಯಾಚಿಗೆ ಅದೇ ಮೊದಲ ಕೆಲಸ.