ಪ್ಲೇಟ್‌ಲೆಟ್ 8 ಅಂದರೆ ಎಷ್ಟು? ರಿಪೋರ್ಟ್ ಕಳಿಸುವಾಗ ನಾನು ಕಲಿತದ್ದು

ಮಲೆನಾಡಿನ ಒಂದು ತಾಲ್ಲೂಕು ಊರಿನ ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಮಳೆಗಾಲ ಬಂತೆಂದರೆ ಡೆಂಗಿ. ಪ್ಲೇಟ್‌ಲೆಟ್ ತೀರಾ ಇಳಿದವರನ್ನು ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ. ಮೊದಲು ರಿಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತಿದ್ದೆವು. ಗಡಿಬಿಡಿಯಲ್ಲಿ ಆ ಕವರು ಎಷ್ಟೋ ಸಲ ಮನೆಯಲ್ಲೇ ಉಳಿಯುತ್ತಿತ್ತು. ಡೆಂಗಿಯಲ್ಲಿ ಇವತ್ತಿನ ಅಂಕಿ ಒಂದೇ ಸಾಲದು. ನಿನ್ನೆ ಎಷ್ಟಿತ್ತು, ಮೊನ್ನೆ ಎಷ್ಟಿತ್ತು ಅನ್ನೋದೂ ಡಾಕ್ಟರಿಗೆ ಬೇಕು.

ಹಾಗಾಗಿ ನಾವು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ಸೇರಿದೆವು. 2021ರ ಸೆಪ್ಟೆಂಬರ್‌ನಲ್ಲಿ ದೇಶದ ತುಂಬ ಶುರುವಾದ ವ್ಯವಸ್ಥೆ ಇದು. ಇದರಲ್ಲಿ ದಾಖಲೆ ನಮ್ಮಲ್ಲೇ ಇರುತ್ತದೆ. ರೋಗಿ ಒಪ್ಪಿದರೆ ಮಾತ್ರ, ಎನ್‌ಕ್ರಿಪ್ಟ್ ಆಗಿ (ನಡುವೆ ಬೇರೆ ಯಾರೂ ಓದಲಾಗದ ಹಾಗೆ), ಕೇಳಿದ ಆಸ್ಪತ್ರೆಗೆ ಹೋಗುತ್ತದೆ. ಎರಡೂ ಕಡೆಯ ಸಾಫ್ಟ್‌ವೇರ್ ಬೇರೆಬೇರೆಯಾದರೂ ನಡೆಯುತ್ತದೆ, ಯಾಕೆಂದರೆ ನಡುವಿನ ಭಾಷೆ ಒಂದೇ: ಆರೋಗ್ಯ ದಾಖಲೆ ಬರೆದು ಕಳಿಸಲು ಇರುವ ಫೈರ್ (FHIR) ಅನ್ನುವ ಮಾದರಿ. ಕಳಿಸುವ ಕೋಡ್ ಬರೆಯೋದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ.

ಕಷ್ಟ ಇದ್ದದ್ದು ಬೇರೆ ಕಡೆ. ಪರೀಕ್ಷೆಗೆ ಅಂತ ಒಬ್ಬ ರೋಗಿಯ ಮೂರು ದಿನದ ಪ್ಲೇಟ್‌ಲೆಟ್ ಕಳಿಸಿ ನೋಡಿದೆ. ಆ ಕಡೆಯ ಪರದೆಯಲ್ಲಿ ಮೂಡಿದ್ದು ಹೀಗೆ: 142, 1.1, 78000. ಮೂರೂ ಸರಿಯಾದ ಅಂಕಿಗಳೇ! ಮೊದಲನೆಯದು ಮೆಷಿನ್ನಿನಿಂದ ನೇರ ಬಂದದ್ದು, ಸಾವಿರದ ಲೆಕ್ಕ. ಎರಡನೆಯದು ಟೆಕ್ನಿಷಿಯನ್ ಕೈಯಲ್ಲಿ ಟೈಪ್ ಮಾಡಿದ್ದು, ಲಕ್ಷದ ಲೆಕ್ಕ. ಮೂರನೆಯದು ಪೂರ್ತಿ ಸಂಖ್ಯೆ. ಕಾಗದದ ಮೇಲೆ ಯಾರಿಗೂ ಗೊಂದಲ ಆಗುತ್ತಿರಲಿಲ್ಲ, ಪಕ್ಕದಲ್ಲಿ 'ಲಕ್ಷ' ಅಂತ ಅಚ್ಚಾಗಿರುತ್ತಿತ್ತು. ಆದರೆ ಆ ಪದ ಇದ್ದದ್ದು ಪ್ರಿಂಟ್ ಮಾಡುವ ಫಾರಂನಲ್ಲಿ ಮಾತ್ರ. ಡೇಟಾಬೇಸ್‌ನಲ್ಲಿ ಬರೀ ಅಂಕಿ.

10ಕ್ಕಿಂತ ಕಡಿಮೆ ಇದ್ದರೆ ಲಕ್ಷ ಅಂತ ತಿಳಿದುಕೋ ಅಂತ ಒಂದು ಸಾಲು ಕೋಡ್ ಬರೆದೆ. ಅದನ್ನು ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್‌ಗೆ ತೋರಿಸಿದೆ. ಅವರು ಒಂದು ಹಳೆಯ ರಿಪೋರ್ಟ್ ತೆಗೆದು ಮುಂದಿಟ್ಟರು. ಮೆಷಿನ್ ಕೊಟ್ಟ ಅಂಕಿ 8. ಅಂದರೆ 8 ಸಾವಿರ. ನನ್ನ ಕೋಡ್ ಅದನ್ನು 8 ಲಕ್ಷ ಮಾಡುತ್ತಿತ್ತು. ಎಲ್ಲರಿಗಿಂತ ಜಾಸ್ತಿ ಅಪಾಯದಲ್ಲಿದ್ದ ರೋಗಿಯದೇ ಅಂಕಿ ತಪ್ಪುತ್ತಿತ್ತು. ಆ ಸಾಲನ್ನು ಅಲ್ಲೇ ಅಳಿಸಿದೆ.

ಆಮೇಲೆ ಇಬ್ಬರೂ ಕೂತು ಒಂದೊಂದೇ ಟೆಸ್ಟ್ ನೋಡಿದೆವು. ಪ್ರತಿ ಟೆಸ್ಟಿಗೂ ಲೊಯಿಂಕ್ (LOINC) ಕೋಡ್ ಹಾಕಿದೆವು, ಅಂದರೆ ಯಾವ ಟೆಸ್ಟ್ ಅಂತ ಎಲ್ಲ ಕಡೆ ಒಂದೇ ರೀತಿ ಗುರುತಿಸುವ ಸಂಖ್ಯೆ. ಮೆಷಿನ್ ಎಣಿಸಿದ ಪ್ಲೇಟ್‌ಲೆಟ್‌ಗೆ 777-3, ಹಿಮೋಗ್ಲೋಬಿನ್‌ಗೆ 718-7. ಅಂಕಿಯ ಜೊತೆ ಅಳತೆ (ಸಾವಿರವೋ ಲಕ್ಷವೋ ಅನ್ನೋದು) ಇಲ್ಲದಿದ್ದರೆ ರಿಪೋರ್ಟ್ ಮುಂದೆ ಹೋಗುವುದಿಲ್ಲ, ಲ್ಯಾಬಿಗೇ ವಾಪಸ್ ಬರುತ್ತದೆ. ಹಳೆಯ ದಾಖಲೆಗಳನ್ನು ಅಂಕಿಯಾಗಿ ಬದಲಾಯಿಸುವ ಗೋಜಿಗೇ ಹೋಗಲಿಲ್ಲ, ಪಿಡಿಎಫ್ ಆಗಿ ಹಾಗೇ ಕಳಿಸುತ್ತೇವೆ. ಅದನ್ನು ಡಾಕ್ಟರು ಕಣ್ಣಲ್ಲಿ ಓದಿಕೊಳ್ಳಲಿ.

ಹೆಸರಿನದ್ದು ಇನ್ನೊಂದು ತೊಡಕು. ಮಂಜುನಾಥ, ಮಂಜುನಾಥ್, ಮಂಜಪ್ಪ, ಮೂರೂ ಒಬ್ಬರೇ ಇರಬಹುದು. ಹುಟ್ಟಿದ ದಿನ ನೋಡೋಣ ಅಂದರೆ ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1 ಎಷ್ಟು ಜನರದ್ದಿಲ್ಲ! ಅದಕ್ಕೇ ಆಭಾ ಸಂಖ್ಯೆ, ಅಂದರೆ ಈ ಮಿಷನ್‌ನಲ್ಲಿ ಪ್ರತಿಯೊಬ್ಬರಿಗೂ ಕೊಡುವ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ, ಇಲ್ಲದೆ ನಾವು ಯಾರ ದಾಖಲೆಯನ್ನೂ ಜೋಡಿಸುವುದಿಲ್ಲ.

ಒಮ್ಮೆ ಜ್ವರದಲ್ಲಿದ್ದ ಅಜ್ಜಿಯೊಬ್ಬರನ್ನು ರಾತ್ರಿ ಕಳಿಸಬೇಕಾಯಿತು. ಅವರ ಆಭಾಕ್ಕೆ ಜೋಡಿಸಿದ್ದು ಬೆಂಗಳೂರಿನಲ್ಲಿದ್ದ ಮಗನ ಮೊಬೈಲ್. ಒಪ್ಪಿಗೆ ಕೊಡಲು ಬೇಕಾದ ಒಟಿಪಿ ಅಲ್ಲಿಗೆ ಹೋಯಿತು, ಮಗ ಫೋನ್ ಎತ್ತುವಷ್ಟರಲ್ಲಿ ಆಂಬುಲೆನ್ಸ್ ಘಾಟಿ ಇಳಿದಿತ್ತು. ಅವತ್ತು ಕಾಗದವೇ ಕೆಲಸಕ್ಕೆ ಬಂತು. ಆಮೇಲಿಂದ ನೋಂದಣಿ ಕೌಂಟರಿನಲ್ಲಿ ಸುಮ್ನೆ ನಂಬರ್ ಕೇಳುವುದಿಲ್ಲ, 'ಈ ಫೋನ್ ಮನೇಲಿ ನಿಮ್ಮ ಹತ್ರಾನೇ ಇರುತ್ತಾ?' ಅಂತ ಕೇಳುತ್ತೇವೆ. ಪ್ಲಾಸ್ಟಿಕ್ ಕವರನ್ನೂ ಇನ್ನೂ ಬಿಟ್ಟಿಲ್ಲ.