ಟೆರೇಸಿನಲ್ಲಿ ಮಳೆ ಯಾಕೆ ಕಡಿಮೆ?

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿಲಿಮೀಟರ್ ಮಳೆ. ಇಷ್ಟು ಗೊತ್ತಿದ್ದರೆ ಮಳೆ ಅಳೆಯಲು ದೊಡ್ಡ ಉಪಕರಣವೇನೂ ಬೇಡ. ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯ ಮಕ್ಕಳ ಜೊತೆ ನಾನು ಶುರು ಮಾಡಿದ್ದು ಕೋಲಾದ ಖಾಲಿ ಬಾಟಲಿಗಳಿಂದ. ಕುತ್ತಿಗೆ ಕತ್ತರಿಸಿ, ಅದನ್ನೇ ಬೋರಲು ಹಾಕಿ ಆಲಿಕೆ ಮಾಡಿದೆವು. ಗಾಳಿಗೆ ಉರುಳದಂತೆ ಸುತ್ತ ಇಟ್ಟಿಗೆ ಇಟ್ಟೆವು. ಸೇರಿದ ನೀರನ್ನು ಅಳತೆ ಜಾಡಿಗೆ ಸುರಿದು, ಬಂದ ಅಂಕಿಯನ್ನು ಬಾಟಲಿಯ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ಮುಗಿಯಿತು.

ಮುಗಿಯಿತು ಅಂದುಕೊಂಡದ್ದು ಮಕ್ಕಳು. ನಾನು ಥಾಣೆಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಗೊತ್ತಿರುವ ತೂಕದ ಬಟ್ಟು ಇಟ್ಟು ತಕ್ಕಡಿಯನ್ನು ಪರೀಕ್ಷಿಸದೆ ಅಲ್ಲಿ ಯಾರೂ ದಿನದ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಹಾಗಾಗಿ ಬಾಟಲಿಯ ಬಾಯಿ ಎಷ್ಟು ಅಗಲ ಎಂದು ಕೇಳಿದೆ. ಒಬ್ಬ 10 ಸೆಂಟಿಮೀಟರ್ ಅಂದ, ಇನ್ನೊಬ್ಬಳು 10.2 ಅಂದಳು. ಇಬ್ಬರೂ ಸರಿಯೇ, ಕತ್ತರಿಸಿದ ಪ್ಲಾಸ್ಟಿಕ್ ಪೂರ್ತಿ ದುಂಡಗಿರುವುದಿಲ್ಲ. ಆದರೆ ವ್ಯಾಸದಲ್ಲಿ ಈ 2 ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ವಿಸ್ತೀರ್ಣದಲ್ಲಿ ಶೇಕಡಾ 4ರಷ್ಟು ಆಗುತ್ತದೆ. 100 ಮಿ.ಮೀ. ಸುರಿದ ದಿನ 4 ಮಿ.ಮೀ. ಮಳೆ ಬರೀ ಲೆಕ್ಕದಲ್ಲೇ ಹುಟ್ಟುತ್ತದೆ, ಇಲ್ಲವೇ ಮಾಯವಾಗುತ್ತದೆ. ಬೇರೆ ಬೇರೆ ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆದುಕೊಂಡೆವು.

ಆಮೇಲೆ ಮಾಡಿದ ಕೆಲಸ ಮಕ್ಕಳಿಗೆ ಬೋರು, ನನಗೆ ಎಲ್ಲಕ್ಕಿಂತ ಮುಖ್ಯ. ಮೂರು ಬಾಟಲಿಗಳನ್ನೂ ಕೆಳಗಿನ ತೋಟದಲ್ಲಿ ಒಂದರ ಪಕ್ಕ ಒಂದು ಇಟ್ಟೆವು. "ಒಂದೇ ಮಳೆಯನ್ನ ಮೂರು ಸಲ ಯಾಕೆ ಅಳೀಬೇಕು ಆಂಟಿ?" ಒಂದೇ ಮಳೆ ಆದ್ದರಿಂದಲೇ. ಮೂರೂ ಬೇರೆ ಬೇರೆ ಅಂಕಿ ಕೊಟ್ಟರೆ ಆ ವ್ಯತ್ಯಾಸ ಮಳೆಯದ್ದಲ್ಲ, ನಮ್ಮದು. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ಬೆಳಿಗ್ಗೆ 8.30ಕ್ಕೆ, ಇಬ್ಬರು ಮಕ್ಕಳು ಓದಿ ಬರೆಯುತ್ತಿದ್ದರು, ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸದೆ. ಗಾಜಿನ ಜಾಡಿಯಲ್ಲಿ ನೀರು ಅಂಚಿನಲ್ಲಿ ಏರಿ ನಡುವೆ ತಗ್ಗಿರುತ್ತದೆ. ಕಣ್ಣನ್ನು ಅದೇ ಮಟ್ಟಕ್ಕೆ ತಂದು ಆ ತಗ್ಗನ್ನು ಓದಬೇಕು. ಬಗ್ಗಲು ಸೋಮಾರಿತನ ಮಾಡಿ ಮೇಲಿಂದ ನೋಡಿದವರ ಅಂಕಿ ಹೆಚ್ಚೇ ಬರುತ್ತಿತ್ತು. ಇದೆಲ್ಲ ಸರಿಹೋದ ಮೇಲೆ ಬಾಟಲಿಗಳ ನಡುವಿನ ಅಂತರ ಒಂದೆರಡು ಮಿಲಿಮೀಟರಿಗೆ ಬಂದು ನಿಂತಿತು. ಅದಕ್ಕಿಂತ ಸಣ್ಣ ವ್ಯತ್ಯಾಸ ಕಂಡರೆ ಯಾರೂ ಕತೆ ಕಟ್ಟಬಾರದು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಿದೆ.

ಈ ಒಂದೆರಡು ಮಿಲಿಮೀಟರ್ ಗೊತ್ತಿದ್ದರೆ 2005ರ ಜುಲೈ 26ರ ಮುಂಬೈ ಮಳೆಯ ಅಂಕಿಗಳನ್ನು ಓದುವ ರೀತಿಯೇ ಬೇರೆಯಾಗುತ್ತದೆ. ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಕೊಲಾಬಾದಲ್ಲಿ 73 ಮಿ.ಮೀ. ಆಸುಪಾಸು. ನಡುವೆ ನೇರ ದೂರ 25 ಕಿಲೋಮೀಟರಿನಷ್ಟು. ಇಂಥ ಅಂತರ ಮಾಪಕದ ದೋಷದಿಂದ ಬರುವಂಥದ್ದಲ್ಲ, ಮಳೆಯೇ ಹಾಗೆ ಸುರಿದಿತ್ತು. "ಮುಂಬೈಯಲ್ಲಿ ಇಷ್ಟು ಮಳೆ" ಎಂದು ಟಿವಿಯಲ್ಲಿ ಬಂದರೆ ನಮ್ಮ ಮಕ್ಕಳು ಈಗ "ಮುಂಬೈಯಲ್ಲಿ ಎಲ್ಲಿ?" ಅನ್ನುತ್ತಾರೆ.

ಆಮೇಲೆ ಒಂದು ಬಾಟಲಿಯನ್ನು ಏಳನೇ ಮಹಡಿಯ ಮೇಲಿನ ಟೆರೇಸಿಗೆ ಒಯ್ದೆವು. ಅಲ್ಲಿ ನೀರು ಕಡಿಮೆ ಸೇರತೊಡಗಿತು, ಅದೂ ಒಂದೆರಡು ಮಿಲಿಮೀಟರಿನ ಮಾತಲ್ಲ. "ಮಳೆ ಮೊದಲು ಬರೋದು ಟೆರೇಸಿಗೇ ಅಲ್ವಾ, ಅಲ್ಲೇ ಜಾಸ್ತಿ ಇರಬೇಕಲ್ಲ?" ಎಂದು ಐದನೇ ಮಹಡಿಯ ಹುಡುಗಿ ತಲೆ ಕೆರೆದುಕೊಂಡಳು. ಹೋಟೆಲಿಗೆ ಹೊರಟಿದ್ದ ಶೆಟ್ಟರು ನಿಂತು ಕೇಳಿಸಿಕೊಂಡು ತೀರ್ಪು ಕೊಟ್ಟೇಬಿಟ್ಟರು: "ಅದೆಂಥ ದೊಡ್ಡ ವಿಷಯ ಅಕ್ಕಾ, ಹನಿ ಬೀಳ್ತಾ ಬೀಳ್ತಾ ದಪ್ಪ ಆಗ್ತದೆ. ಕೆಳಗೆ ಜಾಸ್ತಿ ಆಗ್ಲೇಬೇಕಲ್ಲ."

ನಗುವ ಮಾತಲ್ಲ. 1766-67ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಇದನ್ನೇ ಮಾಡಿದ್ದ. ವರ್ಷದ ಮಳೆ ನೆಲದ ಹತ್ತಿರ 22.6 ಇಂಚು, ಮನೆಯ ಚಾವಣಿಯಲ್ಲಿ 18.1, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮೇಲೆ 12.1. ಬೀಳುವ ಹನಿ ದಾರಿಯಲ್ಲಿ ತೇವ ಹೀರಿ ಬೆಳೆಯುತ್ತದೆ ಎಂದು ಬೆಂಜಮಿನ್ ಫ್ರಾಂಕ್ಲಿನ್ ಕೂಡ ಊಹಿಸಿದ್ದ. ಕಾರಣ ಗಾಳಿ ಎಂದು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ವಾದಿಸಿದ್ದು 1861ರಲ್ಲಿ. ಕಟ್ಟಡಕ್ಕೂ ಮಾಪಕಕ್ಕೂ ಬಡಿದ ಗಾಳಿ ಮೇಲೆದ್ದು ವೇಗವಾಗಿ ಹಾಯುವಾಗ ಬಾಯಿಗೆ ಬೀಳಬೇಕಾದ ಹನಿಗಳನ್ನು ಆಚೆ ಎಳೆದೊಯ್ಯುತ್ತದೆ. ಅಂಕಿಗಳು ಸರಿಯಿದ್ದೂ ವಿವರಣೆಗೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು.

ಇದನ್ನೆಲ್ಲ ನಾನು ಮಕ್ಕಳಿಗೆ ಮೊದಲೇ ಹೇಳಲಿಲ್ಲ. ಹೇಳಿದ್ದರೆ ಆಟವೇ ಕೆಡುತ್ತಿತ್ತು. ಶೆಟ್ಟರ ಮಾತು ನಿಜವಾದರೆ ಯಾವ ದಿನ ಏನು ಕಾಣಬೇಕು, ಸುಳ್ಳಾದರೆ ಏನು ಕಾಣಬೇಕು ಎಂದು ಮಾತ್ರ ಕೇಳಿದೆ. ಹನಿ ದಪ್ಪವಾಗುವುದೇ ಕಾರಣವಾದರೆ ಗಾಳಿಯಿಲ್ಲದ ದಿನವೂ ಟೆರೇಸಿನಲ್ಲಿ ಕಡಿಮೆಯೇ ಇರಬೇಕು. ಗಾಳಿ ಕಾರಣವಾದರೆ ಅಂಥ ದಿನ ಎರಡೂ ಬಾಟಲಿ ಸಮವಾಗಬೇಕು. ಈ ಎರಡು ವಾಕ್ಯ ತಲುಪಲು ಅವರಿಗೆ ಒಂದು ಇಡೀ ಸಂಜೆ, ಎರಡು ಪ್ಲೇಟ್ ಗೋಳಿಬಜೆ ಬೇಕಾಯಿತು. ಬರೆದು, ತಾರೀಕು ಹಾಕಿ, ಎಲ್ಲರ ಸಹಿ ತೆಗೆದುಕೊಂಡೆ. ಫಲಿತಾಂಶ ಬಂದ ಮೇಲೆ "ನಾನು ಆಗಲೇ ಹೇಳಿದ್ದೆ" ಅನ್ನುವವರು ಔಷಧ ಕಂಪನಿಗಳಲ್ಲೂ ಇರುತ್ತಾರೆ.

ಗಾಳಿ ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಟೆರೇಸಿನ ಕಂಬಕ್ಕೆ ಹಳೆ ದುಪಟ್ಟಾದ ತುಂಡು ಕಟ್ಟಿದೆವು. ಮಳೆಯಲ್ಲಿ ಜೋತಾಡುತ್ತಿದ್ದರೆ ಸೊನ್ನೆ, ಅರ್ಧ ಎದ್ದಿದ್ದರೆ ಒಂದು, ಅಡ್ಡಡ್ಡ ಹಾರುತ್ತಿದ್ದರೆ ಎರಡು. ಒರಟು ಅಳತೆ, ಆದರೆ ಯಾರು ನೋಡಿದರೂ ಒಂದೇ ಉತ್ತರ ಬರುತ್ತದೆ, ಅದು ಸಾಕು. ದುಪಟ್ಟಾ ನೋಡುವವರಿಗೆ ಬಾಟಲಿ ಮುಟ್ಟುವ ಅಪ್ಪಣೆ ಇರಲಿಲ್ಲ. ನೀರು ಕಡಿಮೆ ಎಂದು ಗೊತ್ತಾದರೆ "ಹೌದು, ಗಾಳಿ ಜೋರಿತ್ತು" ಎಂದು ನೆನಪೇ ತಿದ್ದಿಕೊಳ್ಳುತ್ತದೆ.

ಮಳೆಗಾಲ ಮುಗಿದ ಮೇಲೆ ದಿನಗಳನ್ನು ಮೂರು ಗುಂಪು ಮಾಡಿ ನೋಡಿದೆವು. ಸೊನ್ನೆಯ ದಿನಗಳಲ್ಲಿ ಟೆರೇಸಿಗೂ ತೋಟಕ್ಕೂ ಅಂತರ ಬಹುಮಟ್ಟಿಗೆ ನಮ್ಮ ಒಂದೆರಡು ಮಿಲಿಮೀಟರಿನೊಳಗೇ ಇತ್ತು. ಎರಡರ ದಿನಗಳಲ್ಲಿ ಟೆರೇಸು ಸ್ಪಷ್ಟವಾಗಿ ಹಿಂದೆ. ನಡುವಿನ ಗುಂಪು ಗೊಂದಲಮಯ, ಏನೂ ಹೇಳುವಂತಿರಲಿಲ್ಲ. ಒಬ್ಬ ಹುಡುಗ ಅದನ್ನು ಬಿಟ್ಟೇ ಚಾರ್ಟ್ ಬರೆಯೋಣ ಅಂದ. ಬೇಡ, ಅದೂ ಇರಲಿ ಎಂದೆ. ಶೆಟ್ಟರು ಚಾರ್ಟ್ ನೋಡಿ "ಜೋರು ಗಾಳಿಗೆ ಕೆಳಗಿನ ಬಾಟ್ಲಿಗೂ ಹೊಡೆತ ಬೀಳ್ತದಲ್ಲ, ಅದೂ ಪೂರ್ತಿ ಸರಿ ಅಲ್ಲ" ಅಂದರು. ಅದೂ ನಿಜವೇ. ಹವಾಮಾನ ಇಲಾಖೆಯ ಸೈಮನ್ಸ್ ಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಷ್ಟೇ ಇರುವುದು ಈ ಗಾಳಿಯ ಕಾಟಕ್ಕಾಗಿಯೇ.

ಈ ವರ್ಷ ಕಮಿಟಿಯವರು ಫೈಬರ್‌ಗ್ಲಾಸಿನ ಒಳ್ಳೆಯ ಮಳೆಮಾಪಕ ಕೊಡಿಸಿದ್ದಾರೆ. ಇನ್ನು ಬಾಟಲಿಗಳನ್ನು ಎಸೆಯಬಹುದಲ್ಲ ಎಂದು ಸೆಕ್ರೆಟರಿ ಕೇಳಿದರು. ಅವರಿಗೆ ಕೊಲಾಬಾದ ಕತೆ ಹೇಳಿದೆ. ಮುಂಬೈಗೆ ವಿದ್ಯುತ್ ಟ್ರ್ಯಾಮ್ ಬರುವುದು ಖಚಿತವಾದಾಗ, ಅದರ ಕರೆಂಟಿನಿಂದ ಭೂಮಿಯ ಕಾಂತಕ್ಷೇತ್ರದ ಅಳತೆ ಕೆಡುತ್ತದೆಂದು ಕೊಲಾಬಾ ವೀಕ್ಷಣಾಲಯದ ನಿರ್ದೇಶಕ ನಾನಾಭಾಯ್ ಮೂಸ್ ಆ ಕೆಲಸವನ್ನು ಅಲೀಬಾಗಿಗೆ ಸಾಗಿಸಿದರು. ಆದರೆ 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು. ಹಾಗೆ ಮಾಡದಿದ್ದರೆ ಹಳೆಯ ಅಂಕಿಗಳಿಗೂ ಹೊಸ ಅಂಕಿಗಳಿಗೂ ಕೊಂಡಿಯೇ ಇರುತ್ತಿರಲಿಲ್ಲ. ಸೆಕ್ರೆಟರಿ ಒಪ್ಪಿದರು. ಈ ಮಳೆಗಾಲ ಪೂರ್ತಿ ಮಾಪಕ, ಬಾಟಲಿ ಎರಡೂ ತೋಟದಲ್ಲಿ ಅಕ್ಕಪಕ್ಕ ಇರುತ್ತವೆ. ಡೆಂಗೀ ಭಯ ಇರುವುದರಿಂದ ದಿನವೂ ನೀರು ಚೆಲ್ಲಬೇಕೆಂಬುದು ಅವರ ಷರತ್ತು. 8.30ಕ್ಕೆ ನಾವು ಹೇಗೂ ಚೆಲ್ಲುತ್ತೇವೆ.