ಸಾಫ್ಟ್‌ವೇರ್ ಪ್ರಾಜೆಕ್ಟ್‌ನ ಟಾಸ್ಕ್ ಪಟ್ಟಿ: ಬರೆಯುವುದು ಹೇಗೆ, ನಡೆಸಿಕೊಂಡು ಹೋಗುವುದು ಹೇಗೆ?

ಮೂವರು ಗೆಳೆಯರು ಸೇರಿ ಒಂದು ಆ್ಯಪ್ ಮಾಡಲು ಹೊರಟಿದ್ದಾರೆ ಎಂದುಕೊಳ್ಳಿ. ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಯಾವ ಪುಸ್ತಕ ಯಾರ ಬಳಿ ಇದೆ, ಯಾವಾಗ ವಾಪಸ್ ಬರಬೇಕು ಎಂದು ತೋರಿಸುವ ಪುಟ್ಟ ಆ್ಯಪ್. ಕೋಡ್ ಬರೆಯಲು ಮೂವರಿಗೂ ಬರುತ್ತದೆ. ತೊಡಕು ಶುರುವಾಗುವುದು ಬೇರೆ ಕಡೆ. ಮಾಡಬೇಕಾದ ಕೆಲಸಗಳಲ್ಲಿ ಅರ್ಧ ವಾಟ್ಸ್ಆ್ಯಪ್ ಗ್ರೂಪಿನಲ್ಲಿ, ಒಂದಿಷ್ಟು ಯಾರದೋ ನೋಟ್‌ಬುಕ್ಕಿನಲ್ಲಿ, ಉಳಿದದ್ದು ತಲೆಯಲ್ಲಿ. ‘ಅದನ್ನ ನೀನು ಮಾಡ್ತೀಯ ಅಂದ್ಕೊಂಡಿದ್ದೆ’ ಎಂಬ ಮಾತು ಎರಡನೇ ವಾರಕ್ಕೇ ಬರುತ್ತದೆ.

ಹಾಗಾಗಿ ಮೊದಲ ಹೆಜ್ಜೆ, ಎಲ್ಲವೂ ಒಂದೇ ಜಾಗಕ್ಕೆ ಬರಬೇಕು. ಕೋಡನ್ನು ಗಿಟ್‌ಹಬ್ ಎಂಬ ಕೋಡ್ ಹಂಚಿಕೊಳ್ಳುವ ತಾಣದಲ್ಲಿ ಇಟ್ಟಿದ್ದರೆ ಅಲ್ಲೇ ಇರುವ ‘ಇಶ್ಯೂಸ್’ ಎಂಬ ಕೆಲಸಗಳ ಪಟ್ಟಿ ಸಾಕು. ಟ್ರೆಲ್ಲೊ ಎಂಬ ಬೋರ್ಡ್ ಆ್ಯಪ್ ಆಗಬಹುದು, ಗೂಗಲ್ ಶೀಟ್ ಕೂಡ ಆಗಬಹುದು. ಮೂರು ಜನರ ತಂಡಕ್ಕೆ ಜಿರಾದಂಥ ದೊಡ್ಡ ವ್ಯವಸ್ಥೆ ಬೇಕಿಲ್ಲ. ಅದನ್ನು ಹೊಂದಿಸುತ್ತಾ ಕೂತರೆ ವಾರಾಂತ್ಯವೇ ಕಳೆದುಹೋಗುತ್ತದೆ. ಯಾವ ಸಾಧನ ಎಂಬ ಚರ್ಚೆಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ.

ಆಮೇಲೆ ಮೂವರೂ ಒಟ್ಟಿಗೆ ಕೂತು, ತಲೆಯಲ್ಲಿರುವುದನ್ನೆಲ್ಲ ಬರೆದು ಹಾಕಿ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಈಗಲೇ ತೂಗಬೇಡಿ. ಕೋಡ್ ಅಲ್ಲದ ಕೆಲಸಗಳನ್ನೂ ಸೇರಿಸಿ. ಬಾರ್‌ಕೋಡ್ ಸ್ಕ್ಯಾನ್ ಮಾಡುವ ಸೌಲಭ್ಯ ಒಂದು ಸಂಜೆಯಲ್ಲಿ ತಯಾರಾಗಬಹುದು. ಆದರೆ ಪುಸ್ತಕಗಳ ಮೇಲೆ ಸ್ಟಿಕ್ಕರ್ ಅಂಟಿಸುವವರು ಯಾರು? ಅದೂ ಪಟ್ಟಿಯಲ್ಲಿರಬೇಕು, ಮುಂದೆ ಸಾಲಾಗಿ ನಿಲ್ಲಿಸುವಾಗ ಸ್ಕ್ಯಾನ್ ಕೆಲಸಕ್ಕಿಂತ ಮೇಲೆಯೇ ಬರಬೇಕು.

ಒಂದು ಪದದ ಟಾಸ್ಕ್ ಬೇಡ

ಹೆಚ್ಚಿನ ಪಟ್ಟಿಗಳು ಕೆಡುವುದು ಇಲ್ಲೇ. ‘ಸರ್ಚ್ ಸರಿ ಮಾಡು’ ಎಂದು ಬರೆದಿರುತ್ತಾರೆ. ಬರೆದ ದಿನ ಎಲ್ಲರಿಗೂ ಅರ್ಥವಾಗುತ್ತದೆ. ಒಂದು ತಿಂಗಳು ಬಿಟ್ಟು ನೋಡಿದರೆ ಬರೆದವರಿಗೇ ತಿಳಿಯುವುದಿಲ್ಲ. ಅದೇ ಟಾಸ್ಕನ್ನು ಹೀಗೆ ಬರೆಯಬಹುದು:

‘“ರಾಜ್ಕುಮಾರ್” ಎಂದು ಹುಡುಕಿದರೆ “ರಾಜ್‌ಕುಮಾರ್” ಎಂದಿರುವ ಪುಸ್ತಕ ಸಿಗುತ್ತಿಲ್ಲ. ಹೋಲಿಸುವ ಮೊದಲು ಎರಡೂ ಕಡೆಯ ಜೀರೋ ವಿಡ್ತ್ ನಾನ್ ಜಾಯ್ನರ್ ತೆಗೆಯಬೇಕು. ಎರಡರಲ್ಲಿ ಹೇಗೆ ಟೈಪ್ ಮಾಡಿದರೂ ಅದೇ ಪುಸ್ತಕ ಬಂದರೆ ಕೆಲಸ ಮುಗಿಯಿತು.’

ಕನ್ನಡ ಆ್ಯಪ್ ಮಾಡುವವರಿಗೆ ಈ ತಂಟೆ ಹೊಸದಲ್ಲ. ‘ಜ್’ ಕೆಳಗೆ ‘ಕ’ ಒತ್ತಾಗಿ ಕೂರದಂತೆ ತಡೆಯಲು ನಡುವೆ ಒಂದು ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆ ಇರುತ್ತದೆ, ಅದೇ ಈ ಜೀರೋ ವಿಡ್ತ್ ನಾನ್ ಜಾಯ್ನರ್. ನಮಗೆ ಎರಡೂ ಒಂದೇ ಹೆಸರು, ಕಂಪ್ಯೂಟರ್‌ಗೆ ಬೇರೆ ಬೇರೆ. ಇಷ್ಟೆಲ್ಲ ‘ಸರ್ಚ್ ಸರಿ ಮಾಡು’ ಎಂಬುದರಲ್ಲಿ ಎಲ್ಲಿದೆ?

ಮೇಲಿನ ಟಾಸ್ಕ್‌ನಲ್ಲಿ ಈಗ ಏನಾಗುತ್ತಿದೆ, ಏನು ಮಾಡಬೇಕು, ಮುಗಿದದ್ದು ಹೇಗೆ ಗೊತ್ತಾಗುತ್ತದೆ ಎಂಬ ಮೂರೂ ಇವೆ. ಎಲ್ಲರೂ ಬಿಟ್ಟುಬಿಡುವುದು ಮೂರನೆಯದನ್ನು. ಅದಿಲ್ಲದ ಟಾಸ್ಕ್ ‘ತೊಂಬತ್ತು ಪರ್ಸೆಂಟ್ ಆಗಿದೆ’ ಎಂಬಲ್ಲೇ ವಾರಗಟ್ಟಲೆ ನಿಂತಿರುತ್ತದೆ. ಬಗ್ (ಆ್ಯಪ್‌ನಲ್ಲಿನ ದೋಷ) ಆಗಿದ್ದರೆ ಯಾವ ಫೋನ್, ಯಾವ ಆಂಡ್ರಾಯ್ಡ್ ಆವೃತ್ತಿ, ಏನೇನು ಒತ್ತಿದಾಗ ಬಂತು ಎಂಬುದನ್ನೂ ಸೇರಿಸಿ. ಒಂದು ಸ್ಕ್ರೀನ್‌ಶಾಟ್ ಇದ್ದರೆ ಇನ್ನೂ ಒಳ್ಳೆಯದು.

ಎರಡು ದಿನಕ್ಕಿಂತ ಜಾಸ್ತಿ ಹಿಡಿಯುವಂತೆ ಕಂಡರೆ ಟಾಸ್ಕನ್ನು ಒಡೆಯಿರಿ. ‘ಲಾಗಿನ್’ ಎಂಬುದು ಒಂದು ಕೆಲಸವಲ್ಲ. ಮೊಬೈಲ್ ನಂಬರ್ ಕೇಳುವ ಪರದೆ, ಒಟಿಪಿ ಕಳಿಸುವುದು, ತಪ್ಪು ಒಟಿಪಿ ಹಾಕಿದರೆ ಏನು, ಒಟಿಪಿ ಬರದೇ ಇದ್ದರೆ ಏನು, ಹೀಗೆ ನಾಲ್ಕು ಕೆಲಸ. ನಮ್ಮ ಕಡೆ ನೆಟ್‌ವರ್ಕ್ ಇರುವ ರೀತಿ ನೋಡಿದರೆ ಕೊನೆಯದನ್ನು ಮರೆಯುವಂತೆಯೇ ಇಲ್ಲ, ಅಲ್ವಾ?

ಸಾಲಾಗಿ ನಿಲ್ಲಿಸಿ

ಪ್ರತಿ ಟಾಸ್ಕ್‌ಗೂ ‘ಅರ್ಜೆಂಟ್’ ಎಂಬ ಕೆಂಪು ಲೇಬಲ್ ಹಚ್ಚುವ ಚಟ ಕೆಲವರಿಗಿರುತ್ತದೆ. ಪಟ್ಟಿಯೆಲ್ಲ ಕೆಂಪಾದ ಮೇಲೆ ಲೇಬಲ್ ಇದ್ದೂ ಇಲ್ಲದಂತೆ. ಅದರ ಬದಲು ಒಂದರ ಕೆಳಗೊಂದು ನಿಲ್ಲಿಸಿ. ಮೇಲಿನದು ಮೊದಲು, ಕೆಳಗಿನದು ಆಮೇಲೆ, ಅಷ್ಟೇ. ಗೊಂದಲವಾದರೆ ಹೀಗೆ ಕೇಳಿಕೊಳ್ಳಿ: ಇದಿಲ್ಲದೆ ಗ್ರಂಥಾಲಯದ ಮೇಲ್ವಿಚಾರಕರು ಸೋಮವಾರ ಪುಸ್ತಕ ಕೊಡಲು ಆಗುತ್ತದೆಯೇ? ಆಗುತ್ತದೆ ಎಂದರೆ ಅದು ಕೆಳಗೆ ಹೋಗಲಿ. ಬಣ್ಣ ಬದಲಿಸುವ ಡಾರ್ಕ್ ಮೋಡ್ ಎಷ್ಟೇ ಆಸೆಯಾದರೂ ಕೆಳಗೇ.

ನಂತರ ಬೋರ್ಡ್ ಮೇಲೆ ಮೂರು ಕಾಲಂ ಮಾಡಿ: ಮಾಡಬೇಕು, ನಡೆಯುತ್ತಿದೆ, ಮುಗಿದಿದೆ. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ರೂಪಿಸಿದ ‘ಕಾನ್‌ಬಾನ್’ ಪದ್ಧತಿ ಸಾಫ್ಟ್‌ವೇರ್ ತಂಡಗಳಿಗೆ ಬಂದದ್ದು ಹೀಗೆ ಬೋರ್ಡಿನ ರೂಪದಲ್ಲೇ. ಇದರಲ್ಲಿ ಜನ ಮರೆಯುವ ನಿಯಮ ಒಂದಿದೆ. ನಡುವಿನ ಕಾಲಂಗೆ ಮಿತಿ ಇರಬೇಕು. ಮೂವರಿದ್ದರೆ ಮೂರು ಟಾಸ್ಕ್, ಹೆಚ್ಚೆಂದರೆ ನಾಲ್ಕು. ಪ್ರತಿಯೊಂದಕ್ಕೂ ಒಬ್ಬರದೇ ಹೆಸರು. ಕೈಯಲ್ಲಿರುವುದು ಮುಗಿಯದೆ ಹೊಸದನ್ನು ಎತ್ತಿಕೊಳ್ಳುವಂತಿಲ್ಲ.

ಗಿಟ್‌ಹಬ್ ಬಳಸುವವರಿಗೆ ಒಂದು ಅನುಕೂಲವಿದೆ. ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ವಿವರಣೆಯಲ್ಲಿ ‘ಫಿಕ್ಸಸ್’ ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ #14 ಎಂಬಂತೆ ಇಶ್ಯೂ ನಂಬರ್ ಹಾಕಿ. ಅದು ಮುಖ್ಯ ಬ್ರ್ಯಾಂಚ್‌ಗೆ, ಅಂದರೆ ಕೋಡ್‌ನ ಮುಖ್ಯ ಪ್ರತಿಗೆ, ಮರ್ಜ್ ಆಗಿ ಸೇರಿದ ಕೂಡಲೇ ಆ ಇಶ್ಯೂ ತಾನಾಗಿಯೇ ಕ್ಲೋಸ್ ಆಗುತ್ತದೆ. ಯಾವ ಕೋಡ್ ಯಾವ ಕಾರಣಕ್ಕೆ ಬಂತು ಎಂಬುದಕ್ಕೆ ದಾಖಲೆಯೂ ಉಳಿಯುತ್ತದೆ.

ವಾರಕ್ಕೊಮ್ಮೆ ಗುಡಿಸಿ

ಪಟ್ಟಿ ಮಾಡುವುದಕ್ಕಿಂತ ಅದನ್ನು ಚೊಕ್ಕವಾಗಿ ಇಟ್ಟುಕೊಳ್ಳುವುದೇ ಕಷ್ಟ. ವಾರಕ್ಕೊಮ್ಮೆ ಅರ್ಧ ಗಂಟೆ ಇದಕ್ಕೇ ಇಡಿ. ಒಂದೇ ದೂರು ಎರಡು ಸಲ ಬಂದಿದ್ದರೆ ಒಂದನ್ನು ಮುಚ್ಚಿ, ಇನ್ನೊಂದಕ್ಕೆ ಲಿಂಕ್ ಕೊಡಿ. ಕೋಡ್ ಒಳಗೆ ‘ಟುಡು’ (ಮಾಡಬೇಕು) ಎಂದು ಬರೆದಿಟ್ಟ ಕಾಮೆಂಟ್‌ಗಳನ್ನು ಹುಡುಕಿ ಪಟ್ಟಿಗೆ ತನ್ನಿ. ಅಲ್ಲೇ ಬಿಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಮೂರು ತಿಂಗಳಿಂದ ಯಾರೂ ಮುಟ್ಟದ ಟಾಸ್ಕ್ ಕಂಡರೆ ಧೈರ್ಯವಾಗಿ ಮುಚ್ಚಿಬಿಡಿ. ಅಳಿಸಬೇಡಿ, ‘ಈಗ ಬೇಡ’ ಎಂದು ಕಾರಣ ಬರೆದು ಮುಚ್ಚಿ. ನಿಜವಾಗಿಯೂ ಬೇಕಿದ್ದರೆ ಅದು ಇನ್ನೊಬ್ಬರ ಬಾಯಿಂದ ಮತ್ತೆ ಬಂದೇ ಬರುತ್ತದೆ.

ವಾರದ ನಡುವೆ ಮೇಲ್ವಿಚಾರಕರು ಫೋನ್ ಮಾಡಿ ‘ದಂಡ ಲೆಕ್ಕ ಹಾಕೋದೂ ಸೇರಿಸ್ತೀರಾ?’ ಎಂದು ಕೇಳಬಹುದು. ‘ಆಯ್ತು ಸರ್, ಪಟ್ಟಿಗೆ ಹಾಕ್ತೀವಿ’ ಎನ್ನಿ, ಕರೆ ಮುಗಿಯುವಷ್ಟರಲ್ಲಿ ಹಾಕಿ. ಮಾಡುವುದು ಯಾವಾಗ ಎಂಬುದು ವಾರದ ಕೊನೆಗೆ ತೀರ್ಮಾನವಾಗಲಿ. ಪುಸ್ತಕ ಕೊಡುವುದೇ ನಿಂತುಹೋಗಿದೆ ಎಂದರೆ ಮಾತ್ರ ಕೈಯಲ್ಲಿರುವುದನ್ನು ಬಿಟ್ಟು ಅತ್ತ ಓಡಿ. ಬಿಡುವ ಮುನ್ನ ಅರ್ಧಕ್ಕೆ ನಿಂತ ಟಾಸ್ಕ್ ಕೆಳಗೆ ಎರಡು ಸಾಲು ಬರೆಯಿರಿ: ಕೋಡ್ ಯಾವ ಬ್ರ್ಯಾಂಚ್‌ನಲ್ಲಿದೆ, ಮುಂದೆ ಏನು ಮಾಡುವುದು ಬಾಕಿ.